ಫ್ರಿಜ್ಜಿನ ಬಾಗಿಲ ಮೇಲಿರುವ ಎರಡು ವರ್ಷದ ಪ್ರಮಾಣಪತ್ರದವರಿಗೆ

ಮಾನ್ಯ ಮೋಟಾರ್‌ಸೈಕಲ್ ಮೂಲ ತರಬೇತಿ ಪ್ರಮಾಣಪತ್ರದವರೇ,

ಸಮುದ್ರದ ಗಾಳಿಗೆ ಬಟ್ಟೆ ಒಣಹಾಕುವ ಹಗ್ಗವೇ ಹಾರಿಹೋಗುವ ಈ ವರ್ಕಿಂಗ್ಟನ್ ಊರಿನಲ್ಲಿ, ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಏಡಿಯ ಆಕಾರದ ಅಯಸ್ಕಾಂತದ ಆಸರೆಯಲ್ಲಿ, ಎರಡೆರಡು ವರ್ಷ ಅಲುಗಾಡದೆ ವಿರಾಜಿಸುವ ತಮಗೆ, ಅದೇ ಮನೆಯ ಬೆಥನಿ ನಿಕಲ್ಸನ್ ಮಾಡುವ ಗೌರವದ ವಂದನೆಗಳು. ತಾವು ಕ್ಷೇಮವೆಂದು ದಿನಕ್ಕೆ ಇಪ್ಪತ್ತು ಸಲವಾದರೂ, ಹಾಲು ತೆಗೆಯುವಾಗಲೆಲ್ಲ, ಕಣ್ಣಾರೆ ಕಾಣುತ್ತಿದ್ದೇನೆ. ನನ್ನ ಕ್ಷೇಮದ ವಿಷಯ ತಾವು ಕೇಳಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಎಂಟು ತಿಂಗಳ ನಮ್ಮ ಮಗಳು ಎಡಿತ್ ನನ್ನ ಎಡಭುಜದ ಮೇಲೆ ಜೊಲ್ಲು ಸುರಿಸುತ್ತ ಇರುವಾಗ ಬಲಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ದಯವಿಟ್ಟು ಮನ್ನಿಸಬೇಕು.

ಮೊದಲು ತಮ್ಮ ಔದಾರ್ಯವನ್ನು ಹೊಗಳದೆ ಮುಂದಕ್ಕೆ ಹೋದರೆ ನಾನು ಕೃತಘ್ನಳಾಗುತ್ತೇನೆ. ನಾನು ಕಾರು ಕಲಿಯುವಾಗ ಅಪ್ಪ ಒಂಬತ್ತು ತಿಂಗಳು ಪಕ್ಕದಲ್ಲಿ ಕೂತು, ಕಾಲ ಕೆಳಗೆ ಇಲ್ಲದ ಬ್ರೇಕನ್ನು ತುಳಿದೂ ತುಳಿದೂ, ಪ್ರತಿ ತಿರುವಿನಲ್ಲೂ ಉಸಿರು ಬಿಗಿಹಿಡಿದೇ ನನ್ನನ್ನು ಪರೀಕ್ಷೆಗೆ ಅರ್ಹಳನ್ನಾಗಿ ಮಾಡಿದರು. ನಾಲ್ಕು ಚಕ್ರ, ಸುತ್ತಲೂ ತಗಡಿನ ಗೋಡೆ ಇರುವ ವಾಹನಕ್ಕೆ ಇಷ್ಟೆಲ್ಲ ಕಾವಲು. ತಾವಾದರೋ, ಎರಡೇ ಚಕ್ರದ ಮೇಲೆ, ಮೈಮೇಲಿನ ಜಾಕೀಟೇ ಗೋಡೆಯಾಗಿರುವ ಮನುಷ್ಯನನ್ನು, ಸಾಮಾನ್ಯವಾಗಿ ಒಂದೇ ದಿನದ ತರಬೇತಿಯ ಮೇಲೆ, ಪರೀಕ್ಷೆ ಎಂಬ ಅವಮಾನಕ್ಕೆ ಗುರಿಮಾಡದೆ, ಹಿಂದೆ ಮುಂದೆ ಕೆಂಪು ಎಲ್ ಬೋರ್ಡು ಕಟ್ಟಿಸಿ, 'ಹೋಗಿ ಬಾ ಕಂದಾ, ಎರಡು ವರ್ಷ ಬಿಟ್ಟು ನೋಡೋಣ' ಎಂದು ಒಬ್ಬನನ್ನೇ ಹೆದ್ದಾರಿಗೆ ಕಳಿಸುತ್ತೀರಿ. ಇಂಥ ನಂಬಿಕೆಯನ್ನು ನನ್ನ ಹೆತ್ತವರೂ ನನ್ನ ಮೇಲೆ ಇಟ್ಟಿರಲಿಲ್ಲ.

ಅದರ ಮೇಲೆ ಕಲಿಯುವವನು ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು ಎಂಬ ತಮ್ಮ ನಿಯಮವಂತೂ ದೂರದೃಷ್ಟಿಯ ಪರಮಾವಧಿ. ಇದರ ದಯೆಯಿಂದ ಮದುವೆಯಾದ ಲಾಗಾಯ್ತು ನಾನು ಗಂಡನ ಬೈಕಿನ ಹಿಂದಿನ ಸೀಟನ್ನು ಒರೆಸಿದ್ದೇನೆಯೇ ಹೊರತು ಅದರ ಮೇಲೆ ಕೂತಿಲ್ಲ. ಜೊತೆಗೊಬ್ಬರು ಇದ್ದರೆ ಅಪಾಯ, ಒಬ್ಬನೇ ಇದ್ದರೆ ಕ್ಷೇಮ ಎಂಬ ತಮ್ಮ ತತ್ವ ಸಂಸಾರಕ್ಕೂ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ಅತ್ತೆ ಗ್ಲೆಂಡಾ ಆಗಾಗ ಹೇಳುತ್ತಿರುತ್ತಾರೆ.

ಈಗ ನನ್ನ ಗಂಡ ಡೆಕ್ಲನ್ ಬಗ್ಗೆ ಎರಡು ಮಾತು. ತಮಗೆ ಅವನು ಹೊಸಬನಲ್ಲ. ಬಿಸ್ಕತ್ತಿನ ಕಾರ್ಖಾನೆಯ ಬೆಳಗಿನ ಪಾಳಿಗೆಂದು ಕರಾವಳಿ ರಸ್ತೆಯಲ್ಲಿ ಹನ್ನೆರಡು ಮೈಲಿ ಹೋಗುವ ಅವನಿಗೆ ತಮ್ಮ ಹಿಂದಿನ ಮೂರು ಅವತಾರಗಳು ದರ್ಶನ ಕೊಟ್ಟಿವೆ. ಎರಡು ವರ್ಷಕ್ಕೊಮ್ಮೆ ತಾವು ಕಾಲವಾಗುವುದು, ಅವನು ಒಂದು ಶನಿವಾರ ಹೋಗಿ ತಮ್ಮನ್ನು ಮತ್ತೆ ಹುಟ್ಟಿಸಿಕೊಂಡು ಬರುವುದು, ಹೀಗೆ ಆರು ವರ್ಷ ಕಳೆದಿದೆ. ನಡುವೆ ಒಮ್ಮೆ ಮಾತ್ರ, ಎಲ್ ಬೋರ್ಡು ಕಿತ್ತೆಸೆಯುವ ಪೂರ್ತಿ ಲೈಸೆನ್ಸಿನ ಪರೀಕ್ಷೆಗೆ ಹೋಗಿದ್ದ. ಅಲ್ಲಿ ಯು-ತಿರುವು ಹಾಕುವಾಗ ಒಂದು ಕಾಲನ್ನು ನೆಲಕ್ಕೆ ಊರಿದ್ದಕ್ಕೆ ಅವನನ್ನು ಮನೆಗೆ ಕಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ತಿರುವಿನ ಹೆಸರು ಎತ್ತುವಂತಿಲ್ಲ. ಕಾರಿನ ಲೈಸೆನ್ಸೂ ಅವನ ಬಳಿ ಇಲ್ಲ. ಮನೆಯಲ್ಲಿ ಇರುವ ಒಂದೇ ಕಾರು ನಾನೂ ಎಡಿತ್‌ಳೂ ಓಡಾಡುವುದಕ್ಕೆ.

ಹೀಗಾಗಿ ದಿನವೂ ಬೆಳಗ್ಗೆ ಆರಕ್ಕೆ ಕಾಲುಗಂಟೆ ಇರುವಾಗ ಬೈಕಿನ ಸದ್ದು ನಮ್ಮ ಬೀದಿಯ ಕೊನೆಗೆ ಹೋಗಿ ಎಡಕ್ಕೆ ತಿರುಗಿ ಕರಗುತ್ತದೆ, ನನ್ನ ಎದೆಯೊಳಗೆ ಇನ್ನೊಂದು ಇಂಜಿನ್ ಶುರುವಾಗುತ್ತದೆ. 'ತಲುಪಿದೆ' ಎಂಬ ಒಂದು ಪದ ಮೊಬೈಲಿಗೆ ಬರುವ ತನಕ, ಎಡಿತ್ ಅಪರೂಪಕ್ಕೆ ನಿದ್ದೆ ಹೋಗಿದ್ದರೂ, ನನಗೆ ನಿದ್ದೆಯಿಲ್ಲ. ನಾನು ಕಾಲೇಜಿನಲ್ಲಿ ಓದಿದ್ದು ಸಂಖ್ಯಾಶಾಸ್ತ್ರ. ಬೇರೆ ಹೆಂಗಸರು ಸುಮ್ಮನೆ ಹೆದರಿದರೆ ನಾನು ಶೇಕಡಾವಾರು ಹೆದರುತ್ತೇನೆ, ಅಷ್ಟೇ ವ್ಯತ್ಯಾಸ.

ಕಳೆದ ತಿಂಗಳು ತಮ್ಮ ಮೂರನೇ ಅವತಾರದ ಅವಧಿ ಮುಗಿಯುವ ವಾರ ಬಂತು. ಈ ಸಲವಾದರೂ ಪೂರ್ತಿ ಪರೀಕ್ಷೆಗೆ ಹೋಗು ಅಂದೆ.

"ಯಾಕೆ ಸುಮ್ನೆ? ಒಂದು ದಿನ ಹೋಗೋದು, ಅವರು ಇಟ್ಟಿರೋ ಪ್ಲಾಸ್ಟಿಕ್ ಶಂಕುಗಳ ಸುತ್ತ ಬೈಕಲ್ಲಿ ಎಂಟು ಬರೆಯೋದು, ಚೀಟಿ ತಗೊಂಡು ಬರೋದು. ಆರು ವರ್ಷ ಓಡಿಸಿದೀನಿ ಕಣೇ, ನನಗೆ ಅವರೇನು ಕಲಿಸ್ತಾರೆ?"

"ಆರು ವರ್ಷದಿಂದ ಒಂದನೇ ಕ್ಲಾಸಲ್ಲೇ ಇದೀಯ ಅಂತ ನಾನು ಹೇಳ್ತಾ ಇರೋದು."

ಅವನು ಹೊರಗೆ ಹೋಗಿ ಎಲ್ ಬೋರ್ಡನ್ನು ಒರೆಸತೊಡಗಿದ. ಆಗಲೇ ನನಗೆ ಕಂಡದ್ದು: ನೋಡಲು ಅಂದವಾಗಿರಲಿ ಎಂದು ಆ ಬೋರ್ಡಿನ ಬಿಳಿಯ ಅಂಚನ್ನೆಲ್ಲ ಕತ್ತರಿಸಿ, ಎಲ್ ಅನ್ನು ಅಂಚೆಚೀಟಿಯಷ್ಟು ಮಾಡಿಟ್ಟಿದ್ದ. ಹಾಗೆ ಕತ್ತರಿಸುವುದು ನಿಯಮಕ್ಕೆ ವಿರುದ್ಧ, ಮತ್ತು ಈ ದೇಶದ ಕಲಿಯುವವರಲ್ಲಿ ಅರ್ಧ ಜನ ಅದನ್ನೇ ಮಾಡುತ್ತಾರೆ. ಲಾರಿಯವನಿಗೆ ಕಾಣದಿದ್ದರೂ ಸರಿ, ತಾನಿನ್ನೂ ಕಲಿಯುತ್ತಿದ್ದೇನೆಂದು ಲೋಕಕ್ಕೆ ತಿಳಿಯಬಾರದೆಂಬುದು ಇಂಥವರ ಲೆಕ್ಕ.

ನಾನು ತರಬೇತಿ ಶಾಲೆಗೆ ಫೋನು ಮಾಡಿ ತಮ್ಮ ಮೇಲೆ ದೂರು ಹೇಳಿದೆ. ಎತ್ತಿದವರು ನೋರೀನ್ ಎಂಬ ಅರವತ್ತು ದಾಟಿದ ತರಬೇತುದಾರರು, ಹಿಂದೆ ಬಸ್ಸು ಓಡಿಸುತ್ತಿದ್ದವರು. ನನ್ನ ಒಂಬತ್ತು ಅಂಶಗಳ ದೂರನ್ನು ನಡುವೆ ಬಾಯಿ ಹಾಕದೆ ಕೇಳಿದರು.

"ಮುಗೀತಾ ಮಗಳೇ? ಕಾರಿನ ಲೈಸೆನ್ಸ್ ಇದೆ ತಾನೇ? ಹಾಗಾದ್ರೆ ನೀನೂ ಬಾ. ನಿನ್ನ ಗಂಡ ಬರೋ ಶನಿವಾರ ನನ್ನ ಹತ್ರ ಇನ್ನೊಂದು ಜಾಗ ಖಾಲಿ ಇದೆ. ದೂರು ಹೇಳೋರು ಒಂದು ಸಲ ಹತ್ತಿ ನೋಡಿದ್ರೆ ದೂರಿಗೂ ಒಂದು ತೂಕ ಬರುತ್ತೆ."

ನಿದ್ದೆ ಕೆಟ್ಟ ಮನುಷ್ಯರಿಗೆ ಯಾವುದಕ್ಕೆ ಹೂಂ ಎನ್ನಬಾರದೆಂಬ ವಿವೇಚನೆ ಇರುವುದಿಲ್ಲ. ಹೂಂ ಅಂದುಬಿಟ್ಟೆ.

ಅತ್ತೆಯ ಕೈಗೆ ಎಡಿತ್‌ಳನ್ನೂ ನಾಲ್ಕು ಬಾಟಲಿ ಹಾಲನ್ನೂ ಮೂರು ಪುಟ ಸೂಚನೆಗಳನ್ನೂ ಕೊಟ್ಟೆ. ಅತ್ತೆ ಸೂಚನೆಗಳನ್ನು ಓದದೆ ಟೀ ಕಪ್ಪಿನ ಕೆಳಗೆ ಇಟ್ಟುಕೊಂಡು, "ನಾನು ಮೂವರನ್ನ ಸಾಕಿದೀನಿ ಕಣಮ್ಮ. ಒಬ್ಬ ದಡ್ಡ ಆದ, ಅವನನ್ನ ನೀನು ಕಟ್ಕೊಂಡೆ. ಹೋಗ್ಬಾ," ಅಂದರು.

ರಗ್ಬಿ ಕ್ಲಬ್ಬಿನ ಕಾರು ನಿಲ್ಲಿಸುವ ಬಯಲಿನಲ್ಲಿ ನನ್ನನ್ನು ಗೇರಿಲ್ಲದ ಬಾಡಿಗೆ ಸ್ಕೂಟರಿನ ಮೇಲೆ ಕೂರಿಸಿದರು. ಕಣ್ಣು ಸರಿಯಿದೆಯೇ ಎಂದು ದೂರದ ಕಾರಿನ ನಂಬರು ಓದಿಸಿದರು. ನಿಲ್ಲುವುದು, ಹೊರಡುವುದು, ಥಟ್ಟನೆ ಬ್ರೇಕು ಹಾಕುವುದು, ಶಂಕುಗಳ ನಡುವೆ ಎಂಟು ಬರೆಯುವುದು. ಮೊದಲ ಎಂಟು ನನ್ನ ಕೈಯಲ್ಲಿ ಮೂರಾಗಿ ನಿಂತಿತು. ಎಲ್ಲಕ್ಕಿಂತ ಹೆಚ್ಚಾಗಿ ನೋರೀನ್ ಹೇಳಿದ್ದು ಒಂದೇ ಮಾತು: ಕನ್ನಡಿ ಎಲ್ಲವನ್ನೂ ತೋರಿಸುವುದಿಲ್ಲ, ಆದ್ದರಿಂದ ಹೊರಡುವ ಮೊದಲು, ತಿರುಗುವ ಮೊದಲು, ಭುಜದ ಮೇಲಿಂದ ಒಮ್ಮೆ ಕತ್ತು ತಿರುಗಿಸಿ ಹಿಂದೆ ನೋಡಬೇಕು. ಈ ನೋಟಕ್ಕೆ ಅವರ ಕಸುಬಿನಲ್ಲಿ 'ಜೀವ ಉಳಿಸುವ ನೋಟ' ಎಂದೇ ಹೆಸರು.

ನಾನು ಒಂದು ಸಲವೂ ತಪ್ಪಿಸಲಿಲ್ಲ. ನೋರೀನ್ ಹುಬ್ಬೇರಿಸಿದರು. "ಎಲ್ಲಿ ಕಲಿತೆ ಇದನ್ನ?"

"ಮನೇಲಿ. ಮಗು ತೆವಳೋಕೆ ಶುರು ಮಾಡಿ ಆರು ವಾರ ಆಯ್ತು."

ಮಧ್ಯಾಹ್ನ ರಸ್ತೆಗೆ ಇಳಿದೆವು. ಮುಂದೆ ಡೆಕ್ಲನ್, ನಡುವೆ ನಾನು, ಹಿಂದೆ ನೋರೀನ್. ನಮ್ಮಿಬ್ಬರ ಹೆಲ್ಮೆಟ್ಟಿನೊಳಗೂ ಪುಟ್ಟ ರೇಡಿಯೋ ಯಂತ್ರದಲ್ಲಿ ಅವರ ದನಿ. ಅವರು ಹೇಳಿದ್ದು ನಮಗೆ ಕೇಳಿಸುತ್ತದೆ, ನಾವು ಹೇಳುವುದು ಅವರಿಗೆ ಕೇಳಿಸುವುದಿಲ್ಲ. ನನ್ನ ಗಂಡ ಎರಡು ಗಂಟೆ ಹೊತ್ತು ಎದುರುತ್ತರವಿಲ್ಲದೆ ಒಬ್ಬ ಹೆಂಗಸಿನ ಮಾತು ಕೇಳಿದ್ದನ್ನು ಕಂಡು, ಈ ಯಂತ್ರವನ್ನು ಮದುವೆಯ ದಿನವೇ ಕೊಡಬಾರದಿತ್ತೇ ಎಂದುಕೊಂಡೆ. "ಡೆಕ್ಲನ್, ಕತ್ತು ತಿರುಗಿಸು. ಡೆಕ್ಲನ್, ಕನ್ನಡಿ ಸಾಲ್ದು. ಡೆಕ್ಲನ್ ತಮ್ಮಾ, ನಿನ್ನ ಕತ್ತಿಗೇನು ಸಿಮೆಂಟ್ ಹಾಕಿದಾರಾ?"

ಗ್ರಂಥಾಲಯದ ಮೂಲೆಯಲ್ಲಿ ಅವನು ಎಡಕ್ಕೆ ಇಂಡಿಕೇಟರ್ ಹಾಕಿದ. ಕನ್ನಡಿ ನೋಡಿದ. ಕತ್ತು ತಿರುಗಿಸಲಿಲ್ಲ. ಅವನ ಎಡಗಡೆ, ಕನ್ನಡಿಗೆ ಕಾಣದ ಜಾಗದಲ್ಲಿ, ಹಳದಿ ಕೋಟಿನ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ನೇರ ಬರುತ್ತಿದ್ದಳು. ನನಗೆ ಕಾಣುತ್ತಿತ್ತು. ನಾನು ಹೆಲ್ಮೆಟ್ಟಿನೊಳಗೆ ಕೂಗಿದ್ದು ನನಗೊಬ್ಬಳಿಗೇ ಕೇಳಿಸಿತು.

"ನಿಲ್ಲು," ಅಂದರು ನೋರೀನ್. ದನಿ ಏರಿರಲಿಲ್ಲ.

ಅವನು ನಿಂತ. ಹುಡುಗಿ ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ದಾಟಿ, ಏನೂ ಆಗಿಲ್ಲವೆಂಬಂತೆ ಹೊರಟುಹೋದಳು. ನಿಜಕ್ಕೂ ಏನೂ ಆಗಿರಲಿಲ್ಲ.  ಆರು ವರ್ಷಗಳ ಬೆಳಗುಗಳಲ್ಲಿ ನಾನು ಹೆದರಿದ್ದೆಲ್ಲ ಬೇರೆಯವರ ತಪ್ಪಿಗೆ, ಲಾರಿಗೆ, ಮಂಜಿಗೆ. ಅವನು ತಿರುಗಿ ನೋಡುವುದೇ ಇಲ್ಲವೆಂದು ನನ್ನ ಯಾವ ಶೇಕಡಾವಾರಿನಲ್ಲೂ ಇರಲಿಲ್ಲ.

ಸಂಜೆ ಕ್ಲಬ್ಬಿನ ಹಂದಿಮಾಂಸದ ಬನ್ನು ತಿನ್ನುತ್ತ ನೋರೀನ್ ತಮ್ಮನ್ನು ಒಂದು ಹಾಳೆಯ ಮೇಲೆ ಬರೆದರು. ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಡೆಕ್ಲನ್ ಕೈ ಚಾಚಿಕೊಂಡೇ ಇದ್ದ.

"ನಿನಗೆ ಇವತ್ತು ಕೊಡಲ್ಲ ತಮ್ಮಾ."

"ಅಂದ್ರೆ ಫೇಲಾ?"

"ಇದು ಪರೀಕ್ಷೆ ಅಲ್ಲ, ಫೇಲ್ ಆಗೋಕೆ. ಮುಗಿದಿಲ್ಲ, ಅಷ್ಟೇ. ಮುಂದಿನ ಶನಿವಾರ ಬಾ. ಬರ್ತಾ ಪೂರ್ತಿ ಅಂಚಿರೋ ಎಲ್ ಬೋರ್ಡ್ ತಗೊಂಡು ಬಾ. ಕತ್ತೂ ತಗೊಂಡು ಬಾ."

ಆ ಸಂಜೆ ನಾನು ಕಾರು ಓಡಿಸಿಕೊಂಡು ಬಂದೆ, ಬೈಕನ್ನು ಕ್ಲಬ್ಬಿನಲ್ಲೇ ಬಿಟ್ಟು ಅವನು ಪಕ್ಕದಲ್ಲಿ ಕೂತ. ಬೀದಿಯ ಮೂಲೆ ಬಂದಾಗ, "ಆ ಹುಡುಗಿ ನನಗೆ ಕಾಣಲೇ ಇಲ್ಲ ಬೆತ್," ಅಂದ. ಒಂಬತ್ತು ಅಂಶಗಳೂ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಒಂದನ್ನೂ ಆಡಲಿಲ್ಲ.

ಆ ವಾರ ಅವನು ಮೊದಲ ಬಸ್ಸಿಗೆ ಹೋದ. ಮನೆಯಲ್ಲಿ ಕತ್ತಿನ ಸಾಧನೆ ನಡೆಯಿತು. ಕೆಟಲ್ ಹಚ್ಚುವ ಮೊದಲು ಎಡಭುಜದ ಮೇಲಿಂದ ಒಂದು ನೋಟ, ಫ್ರಿಜ್ಜು ತೆಗೆಯುವ ಮೊದಲು ಒಂದು ನೋಟ. ಎಡಿತ್ ಅದನ್ನು ತನಗಾಗಿಯೇ ಆಡುವ ಆಟವೆಂದು ತಿಳಿದು ಅವನು ತಿರುಗಿದಾಗಲೆಲ್ಲ ಕೇಕೆ ಹಾಕುತ್ತಿದ್ದಳು, ಅವಳ ಕೇಕೆಗಾಗಿ ಅವನು ಮತ್ತೆ ಮತ್ತೆ ತಿರುಗುತ್ತಿದ್ದ. ಅತ್ತೆ ನೋಡಿ, "ಇವನಿಗೆ ಏನಾದ್ರೂ ಮೆಟ್ಕೊಂಡಿದ್ಯಾ?" ಅಂತ ಕೇಳಿದರು. ಎರಡನೇ ಶನಿವಾರ ತಾವು ಅವನ ಹೆಸರಿನಲ್ಲೂ ಹುಟ್ಟಿದಿರಿ. ಈಗ ಏಡಿಯ ಕೆಳಗೆ ತಾವಿಬ್ಬರಿದ್ದೀರಿ, ಏಡಿಗೆ ಭಾರ ಹೆಚ್ಚಾಗಿದೆ.

ಇಷ್ಟಾದ ಮೇಲೂ ನನ್ನ ದೂರು ದೂರೇ. ಆದ್ದರಿಂದ ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ತಾವು ಎರಡು ವರ್ಷಕ್ಕೆ ಬದಲು ಪ್ರತಿ ಸಂಜೆ ಕಾಲವಾಗಿ, ಪ್ರತಿ ಬೆಳಗ್ಗೆ ಅವನು ಕತ್ತು ತಿರುಗಿಸಿ ತೋರಿಸಿದ ಮೇಲೆಯೇ ಹುಟ್ಟಬೇಕು. ತಾವು ಮನುಷ್ಯರಲ್ಲ, ಕಾಗದ. ಹಿಂದಿನ ಸೀಟಿನ ನಿಯಮ ತಮಗೆ ತಗಲುವುದಿಲ್ಲವಾದ್ದರಿಂದ ಅಲ್ಲಿ ಕೂತು ಅವನೊಡನೆ ಕಾರ್ಖಾನೆಯ ತನಕ ಹೋಗಿ ಬರಬೇಕು. ಗಾಳಿ ಜೋರಿರುವ ದಿನ ಆ ಸಮುದ್ರಕ್ಕೂ ಒಂದು ದಿನದ ಮೂಲ ತರಬೇತಿ ಕೊಡಿಸಬೇಕು. ಇವು ಯಾವುವೂ ಆಗದಿದ್ದರೆ, ಲಾರಿಯವರು ಓದುವಷ್ಟು ದೊಡ್ಡದಾಗಿ, ಎಲ್ ಪಕ್ಕದಲ್ಲಿ, 'ಇವನಿಗೊಂದು ಮಗು ಇದೆ' ಎಂದು ಬರೆಸಲು ಅಪ್ಪಣೆ ಕೊಡಬೇಕು.

ನಿನ್ನೆ ಸೋಮವಾರ. ಆರಕ್ಕೆ ಕಾಲುಗಂಟೆ ಇತ್ತು. ಅಂಚು ಕತ್ತರಿಸದ ಹೊಸ ಎಲ್ ಬೋರ್ಡು ಬೈಕಿನ ಹಿಂದೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಎದುರುಮನೆಯ ಬೆಕ್ಕೂ ಅದನ್ನು ನೋಡುತ್ತಿತ್ತು. ನಾನು ಎಂದಿನಂತೆ ಮೇಲಿನ ಕಿಟಕಿಯಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದೆ. ಬೀದಿಯ ಕೊನೆಯಲ್ಲಿ ಅವನು ಎಡಕ್ಕೆ ಇಂಡಿಕೇಟರ್ ಹಾಕಿದ. ಕನ್ನಡಿ ನೋಡಿದ. ಆಮೇಲೆ ಭುಜದ ಮೇಲಿಂದ ಕತ್ತನ್ನು ಪೂರ್ತಿ ತಿರುಗಿಸಿ ಹಿಂದೆ ನೋಡಿದ. ಅವನು ನೋಡಿದ್ದು ಸೈಕಲ್ಲಿಗಾಗಿ ಎಂದು ನನಗೆ ಗೊತ್ತು, ನೋರೀನ್ ಕಲಿಸಿದ್ದೇ ಅದು. ಆದರೆ ಆರು ವರ್ಷದಿಂದ ಕಿಟಕಿಯಲ್ಲಿ ನಿಂತವಳಿಗೆ, ಹೋಗುವವನು ಮೂಲೆಯಲ್ಲಿ ಒಮ್ಮೆ ತಿರುಗಿ ನೋಡಿದ್ದು ಅದೇ ಮೊದಲು. ಎಡಿತ್ ಕೇಕೆ ಹಾಕಿದಳು. ನಾನು ಅವಳನ್ನು ಮಲಗಿಸಿ, ಪಕ್ಕದಲ್ಲಿ ಸುಮ್ಮನೆ ಒರಗಿದೆ. 'ತಲುಪಿದೆ' ಎಂಬ ಪದ ಬಂದದ್ದನ್ನು ನಾನು ಓದಿದ್ದು ಒಂಬತ್ತೂವರೆಗೆ, ಎದ್ದ ಮೇಲೆ.

ಇನ್ನೂ ಪೂರ್ತಿ ಸಮಾಧಾನವಾಗದ, ಆದರೂ ಎರಡು ವರ್ಷದ ಮಟ್ಟಿಗೆ

ತಮ್ಮ ವಿಶ್ವಾಸಿ,
ಬೆಥನಿ ನಿಕಲ್ಸನ್

ತಾ.ಕ.: ನನ್ನ ಹೆಸರಿನಲ್ಲಿರುವ ತಮಗೆ ಎರಡು ವರ್ಷ ತುಂಬುವ ತನಕ ಕಾಯುವ ಉದ್ದೇಶ ನನಗಿಲ್ಲ, ಪೂರ್ತಿ ಲೈಸೆನ್ಸಿನ ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ, ಯು-ತಿರುವನ್ನು ರಗ್ಬಿ ಕ್ಲಬ್ಬಿನಲ್ಲಿ ಕಾಲೂರದೆ ಹನ್ನೊಂದು ಸಲ ಹಾಕಿದ್ದೇನೆ. ಆ ಲೈಸೆನ್ಸು ಕೈಗೆ ಬಂದ ದಿನ ನಿಯಮದಂತೆ ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವ ಹಕ್ಕು ನನಗೆ ಬರುತ್ತದೆ. ಯಾರನ್ನೆಂದು ಡೆಕ್ಲನ್‌ಗೆ ತಿಳಿಸಿದ್ದೇನೆ. ಅದನ್ನು ಕೇಳಿದ ದಿನವೇ ತನ್ನ ಹೆಸರನ್ನೂ ಪರೀಕ್ಷೆಗೆ ಕೊಡೆಂದು ಅವನಾಗಿಯೇ ಹೇಳಿದ.