ಕಾಕಾನ ಕ್ಯಾಮೆರಾಕ್ಕೆ ಮಂದಿ ಬೇಡ

ನಮ್ಮ ಕಾಕಾ ಫೋಟೋಗ್ರಾಫರ್. ಮನುಷ್ಯರ ಮೇಲೆ ಇಷ್ಟು ಸಿಟ್ಟಿದ್ದ ಫೋಟೋಗ್ರಾಫರ್ ಹುಮನಾಬಾದಿನಲ್ಲಿರಲಿ, ಇಡೀ ನಿಜಾಮರ ರಾಜ್ಯದಲ್ಲೇ ಇದ್ದಿರಲಿಕ್ಕಿಲ್ಲ. "ಮಂದಿ ಭಾಳ ಅಲ್ಲಾಡ್ತಾರ" ಎಂಬುದು ಅವನ ದೂರು.

ಪಕ್ಕದ ಹುಡಗಿ ಎಂಬ ಊರಿನಿಂದ ಒಬ್ಬ ಮದುಮಗ ಜರಿ ರುಮಾಲು ಸುತ್ತಿಕೊಂಡು ಬಂದಿದ್ದ. ಕಾಕಾ ಅವನನ್ನು ಬೇವಿನ ಮರದ ಮುಂದೆ ನಿಲ್ಲಿಸಿದ. ಫೋಟೋದಲ್ಲಿ ಬಂದದ್ದು ಇಡೀ ಮರ ಮತ್ತು ಅರ್ಧ ರುಮಾಲು. ಬೀಗರು ಜಗಳಕ್ಕೆ ಬಂದರೆ, "ಮುಂದಿನ ವರ್ಷ ಈ ಗಿಡ ಇರತದೋ ಇಲ್ಲೋ. ಮದುಮಗ ಎಲ್ಲಿ ಹೋಗ್ತಾನ್ರಿ?" ಎಂದುಬಿಡುವುದೇ?

ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಅದೇ ಫೋಟೋ ತೆಗೆಯುವುದು ಅವನ ಹುಚ್ಚು. ಊರು ಬದಲಾಗುವುದನ್ನು ನೋಡಬೇಕಂತೆ. ಕಲ್ಯಾಣದ ಕೋಟೆಯ ಮುಂದೆ ಹೀಗೆ ನಿಂತಾಗ ಪೊಲೀಸರು ಹಿಡಿದರು.

"ಹೋದ ವರ್ಷಕ್ಕಿಂತ ಎಷ್ಟು ಕುಸಿದದ ಅಂತ ನೋಡಾಕತ್ತೇನ್ರಿ ಸಾಹೇಬ್ರ."

ಠಾಣೆಯ ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಪೂರಾ ಬಿದ್ದ ಮ್ಯಾಲ ಹೇಳಿ ಕಳಸ್ತೀವಿ. ಈಗ ಮನಿಗಿ ಹೋಗು" ಎಂದರಂತೆ.

ನಮ್ಮ ಓಣಿಯನ್ನೂ ಅವನು ಬಿಡಲಿಲ್ಲ. ಎದುರು ಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಬೀಬಿ ಮತ್ತು ಅವಳ ಮಗ ಯೂಸುಫ್ ಇದ್ದರು. ಕೆಲಸ ಮುಗಿದ ಮೇಲೆ ಯೂಸುಫ್ ಮೊಣಕೈವರೆಗೆ ನೀಲಿಯಾದ ಕೈಯಲ್ಲಿ ಚಹದ ಬಶಿ ಹಿಡಿದು ಕಟ್ಟೆಯ ಮೇಲೆ ಕೂಡುತ್ತಿದ್ದ. ಕ್ಯಾಮೆರಾ ಇಟ್ಟೊಡನೆ ಕಾಕಾ, "ಯೂಸುಫ್, ಜರಾ ಬಾಜೂಕ ಸರಿಯಪಾ" ಎನ್ನುತ್ತಿದ್ದ.

"ನಾನೂ ಈ ಓಣಿಯವನ ಅಲ್ಲೇನ್ರಿ ಕಾಕಾ?" ಎಂದು ನಗುತ್ತಲೇ ಅವನು ಒಳಗೆ ಹೋಗುತ್ತಿದ್ದ.

ನಿಜಾಮರ ಆಳ್ವಿಕೆ ಮುಗಿದ ವರ್ಷದ ಗದ್ದಲದಲ್ಲಿ, ಹಳ್ಳಿಗೆ ಬಟ್ಟೆ ಮುಟ್ಟಿಸಲು ಹೋದ ಯೂಸುಫ್ ತಿರುಗಿ ಬರಲಿಲ್ಲ. ಕಾಕಾ ಮೂರು ದಿನ ಹುಡುಕಿದ. ದಾರಿಯ ಬದಿಯಲ್ಲಿ ಬಟ್ಟೆಯ ಗಂಟು ಮಾತ್ರ ಸಿಕ್ಕಿತು.

ಮುಂದೆ ಬೀಬಿ ಹೈದರಾಬಾದಿನ ಮಗಳ ಮನೆಗೆ ಹೊರಟಳು. ಹೊರಡುವ ಮುಂಜಾನೆ ನಮ್ಮಲ್ಲಿಗೆ ಬಂದು, "ಭಾಯ್, ನಮ್ಮ ಯೂಸುಫಂದು ಒಂದ ಫೋಟೋ ಇದ್ರ ಕೊಡ್ರಿ" ಎಂದಳು.

ಕಾಕಾ ಓಣಿಯ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಹರಡಿದ. ಹತ್ತು ವರ್ಷದ ಹತ್ತು ಫೋಟೋ. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದ. ಗೋಡೆಯ ಬಿರುಕು ವರ್ಷ ವರ್ಷ ಬೆಳೆದದ್ದಿತ್ತು, ಬಾಗಿಲು ಹಳತಾದದ್ದಿತ್ತು. ಕಟ್ಟೆ ಎಲ್ಲದರಲ್ಲೂ ಖಾಲಿ.

"ನಾನ ಎಬ್ಬಿಸಿ ಕಳಿಸೀನಿ ಬೀಬಿ. ಪ್ರತಿ ಸಲ ನಾನ ಕಳಿಸೀನಿ" ಎಂದ. ಕಾಕಾ ಅತ್ತದ್ದನ್ನು ನಾನು ನೋಡಿದ್ದು ಅಂದು ಮಾತ್ರ.

ಬೀಬಿ ಅವುಗಳಲ್ಲಿ ಒಂದನ್ನು ಎತ್ತಿಕೊಂಡಳು. ಕಟ್ಟೆಯ ಎಡತುದಿಯ ಮೇಲೆ ಬೆರಳಿಟ್ಟು, "ಇಲ್ಲೇ ಕೂಡ್ತಿದ್ದ ನೋಡ್ರಿ. ಇದ ಸಾಕು" ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.