ಒಂದೇ ನಂಬರಿನ ಏಳು ಜನ

ಸರ್ಕಾರಿ ಶಾಲೆಗಳ ಸಕಲ ಬಾಗಿಲುಗಳಿಗೂ ಒಂದೇ ಬೀಗವಾಗಿ ವಿರಾಜಮಾನರಾಗಿರುವ ಏಕದ್ವಾರ ಲಾಗಿನ್ ವ್ಯವಸ್ಥೆಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮಂಗಳವಾರ ಮಧ್ಯಾಹ್ನದವರೆಗೂ ‘ಸರ್ವರ್ ದುರಸ್ತಿಯಲ್ಲಿದೆ’ ಎಂದು ತೋರಿಸುತ್ತಿದ್ದುದರಿಂದ ತಮ್ಮ ಆರೋಗ್ಯದ ಬಗ್ಗೆ ಸ್ವಲ್ಪ ಕಳವಳವಾಗಿತ್ತು. ನಾನು ಒಂದು ಸರ್ಕಾರಿ ಶಾಲೆಯ ಗೇಟು ಕಾಯುವವನು. ಓದಿದ್ದು ಹತ್ತನೆಯ ತರಗತಿ. ದಿನಚರಿ ಬರೆಯುವ ಅಭ್ಯಾಸ ಬಿಟ್ಟರೆ ಬರವಣಿಗೆಯ ಬಳಕೆ ಇಲ್ಲ. ತಾವೂ ಬಾಗಿಲು ಕಾಯುವವರೇ ಆದ್ದರಿಂದ, ಒಂದೇ ಕಸುಬಿನವರೆಂಬ ಸಲಿಗೆಯಿಂದ ಬರೆಯುತ್ತಿದ್ದೇನೆ. ನಾನು ಮುಖ ನೋಡಿ ಒಳಗೆ ಬಿಡುತ್ತೇನೆ. ತಾವು ಹೆಸರು ಕೇಳಿ, ಪಾಸ್‌ವರ್ಡ್ ಕೇಳಿ, ಫೋನಿಗೆ ಬಂದ ಆರಂಕಿಯ ಓಟಿಪಿಯನ್ನೂ ಕೇಳಿ, ಅಷ್ಟಾದ ಮೇಲೂ ಒಮ್ಮೊಮ್ಮೆ ಬಿಡುವುದಿಲ್ಲ. ಈ ವಿದ್ಯೆಯಲ್ಲಿ ತಾವು ನನಗಿಂತ ಬಹಳ ಹಿರಿಯರು.

ನನ್ನ ಹೆಂಡತಿಯನ್ನು ತಾವು ಬಲ್ಲಿರಿ. ಇದೇ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ನಾನು ಇಡೀ ಶಾಲೆಗೆ ಭಾವನಾದೆ. ತಾವು ನಮ್ಮ ಶಾಲೆಗೆ ದಯಮಾಡಿಸಿದ ದಿನ, ಮಧ್ಯಾಹ್ನದೊಳಗೆ ಎಲ್ಲರ ನೋಂದಣಿ ಮುಗಿಯಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು. ಅಡುಗೆಯಮ್ಮನ ಫೋನು ರಿಪೇರಿಗೆ ಹೋಗಿತ್ತು, ತೋಟದಜ್ಜನಿಗೆ ತನ್ನ ನಂಬರು ನೆನಪಿರಲಿಲ್ಲ, ಆಯಾಳ ಫೋನು ಮಗಳ ಬಳಿ ಇತ್ತು, ಗುಡಿಸುವ ಇಬ್ಬರದು ಮನೆಯಲ್ಲಿತ್ತು, ನನ್ನದರಲ್ಲಿ ಚಾರ್ಜಿರಲಿಲ್ಲ. ‘ಅಯ್ಯೋ, ಸದ್ಯಕ್ಕೆ ಎಲ್ಲದಕ್ಕೂ ನನ್ನದೇ ಹಾಕ್ತೀನಿ ಕಣ್ರೋ, ಆಮೇಲೆ ನೋಡೋಣ’ ಎಂದು ಅವಳು ಏಳು ಹೆಸರಿಗೂ ತನ್ನ ಒಂದೇ ನಂಬರನ್ನು ಒತ್ತಿಬಿಟ್ಟಳು. ತಾವೂ ಅಂದು ತುಟಿ ಪಿಟಕ್ಕೆನ್ನಲಿಲ್ಲ. ಆ ‘ಆಮೇಲೆ’ ಮೂರು ವರ್ಷ ನಡೆಯಿತು.

ಬೆಳಿಗ್ಗೆ ಎಂಟು ಹತ್ತಕ್ಕೆ ಹಾಜರಿ. ಒಬ್ಬೊಬ್ಬರಾಗಿ ಕಚೇರಿಯ ಕಂಪ್ಯೂಟರಿನ ಮುಂದೆ ನಿಂತರೆ ಅವಳ ಫೋನು ಟಿಣ್ ಎನ್ನುವುದು, ಅವಳು ಕನ್ನಡಕ ಏರಿಸಿಕೊಂಡು ‘ಅಡುಗೇ, ನಾಲ್ಕು ಏಳು ಏಳು, ಸೊನ್ನೆ ಎರಡು ಒಂದು! ಬೇಗ ಒತ್ತೇ, ಹಾರಿಹೋಗುತ್ತೆ’ ಎಂದು ಕೂಗುವುದು. ಗೇಟಿನವರೆಗೂ ಕೇಳಿಸುತ್ತಿತ್ತು. ಓಟಿಪಿಯನ್ನು ಯಾರಿಗೂ ಹೇಳಬಾರದೆಂಬ ತಮ್ಮ ಸದುಪದೇಶವಿದ್ದರೂ, ನಮ್ಮ ಓಟಿಪಿ ಬೀದಿಯ ಆಚೆಬದಿಯ ಅಂಗಡಿಯವರಿಗೂ ತಲುಪದ ದಿನವಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಅವಳು ತೀರಿಕೊಂಡಳು. ಫೋನು ನನ್ನ ಗೇಟಿನ ಗೂಡಿಗೆ ಬಂತು. ಕೆಲಸ ನಿಲ್ಲುವಂತಿರಲಿಲ್ಲವಲ್ಲ, ಅವರು ಕಚೇರಿಯ ಕಿಟಕಿಯಿಂದ ‘ಭಾವಾ, ಬಂತಾ?’ ಎನ್ನುವರು, ನಾನು ಗೂಡಿನಿಂದ ಕೂಗುವೆ. ಆಮೇಲೆ ಒಬ್ಬರಾದ ಮೇಲೊಬ್ಬರು ಗೇಟಿಗೆ ಬಂದು ಎರಡು ಮಾತಾಡಿ ಹೋಗುವರು. ಉಳಿದ ಹೊತ್ತು ನನ್ನೊಡನೆ ಹೇಗೆ ಮಾತಾಡಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ತಮ್ಮ ಓಟಿಪಿಯ ನೆಪವಿಲ್ಲದಿದ್ದರೆ ಆ ದಿನಗಳಲ್ಲಿ ನನ್ನ ಬಾಯಿಂದ ಏಳು ಮಾತೂ ಹೊರಡುತ್ತಿರಲಿಲ್ಲ. ಇದಕ್ಕಾಗಿ ತಮಗೆ ಮನಸಾರೆ ವಂದನೆಗಳು, ಇದರಲ್ಲಿ ವ್ಯಂಗ್ಯವಿಲ್ಲ.

ಮುಂದಿನ ವಂದನೆಗಳ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ಅವಳು ಬದುಕಿದ್ದಾಗ ಜ್ವರಕ್ಕೆ ಎರಡು ದಿನ ರಜೆ ಹಾಕಿದ್ದಕ್ಕೆ ತಾವು ಕಾರಣ ಕೇಳಿ ಕೆಂಪಕ್ಷರದಲ್ಲಿ ನೋಟಿಸು ಕಳಿಸಿದ್ದಿರಿ. ತೀರಿಕೊಂಡ ಮೇಲೆ, ಆ ನಂಬರು ದಿನವೂ ಚಟುವಟಿಕೆಯಿಂದಿರುವುದನ್ನು ಗಮನಿಸಿ, ಮೂರು ತಿಂಗಳಲ್ಲಿ ಒಂದೂ ರಜೆ ಹಾಕದ್ದಕ್ಕೆ ಅಭಿನಂದನಾ ಪತ್ರ ಕಳಿಸಿದಿರಿ. ಅದನ್ನು ದಿನಚರಿಯಲ್ಲಿ ಅಂಟಿಸಿಟ್ಟಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಪತ್ರ: ಒಂದೇ ವ್ಯಕ್ತಿ ಏಳು ಹುದ್ದೆಗಳಲ್ಲಿರುವ ಶಂಕೆಯಿದೆ, ಅಡುಗೆ ಮಾಡಿ, ಅಂಗಳ ಗುಡಿಸಿ, ಗಿಡಕ್ಕೆ ನೀರು ಹಾಕಿ, ಮಕ್ಕಳನ್ನು ನೋಡಿಕೊಂಡು, ಗೇಟು ಕಾಯುತ್ತಿರುವ ಈ ಮಹಿಳೆ ಮೂವತ್ತು ದಿನದೊಳಗೆ ಕ್ಯಾಮೆರಾ ಮುಂದೆ ಬಂದು ಎರಡು ಬಾರಿ ಕಣ್ಣು ಮಿಟುಕಿಸಿ ತಾನು ಜೀವಂತವೆಂದು ತೋರಿಸಬೇಕು. ತಮ್ಮ ಶಂಕೆ ತೀರಾ ತಪ್ಪೇನಲ್ಲ. ಅವಳು ಹೋದ ಮೇಲೆ ಶಾಲೆಯಲ್ಲಿ ಏಳು ಕೆಲಸಗಳೂ ಒಂದಿಷ್ಟು ಕುಂಟಿದ್ದು ನಿಜ.

ಅವಳ ಗುರುತು ಮುಚ್ಚಿ ಉಳಿದವರನ್ನು ಅವರವರ ನಂಬರಿಗೆ ಬದಲಾಯಿಸುವ ಅರ್ಜಿ ನನ್ನ ಬಳಿಯೇ ಇತ್ತು. ನಾನೇ ತುಂಬಲಿಲ್ಲ. ತಾವು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ವರ್ಗಾವಣೆ ಇದೆ, ನಿವೃತ್ತಿ ಇದೆ, ರಾಜೀನಾಮೆ ಇದೆ; ನಮ್ಮ ಕಾರಣ ‘ಇತರೆ’ಯಲ್ಲಿ ಬರುತ್ತದೆ. ಆ ‘ಇತರೆ’ಗೆ ಗುರುತು ಹಾಕಲು ನನಗೆ ಇಪ್ಪತ್ತೆಂಟು ದಿನ ಕೈ ಬರಲಿಲ್ಲ. ಅಷ್ಟರಲ್ಲಿ ಆಯಾಳ ರಜೆಯ ಅರ್ಜಿಯನ್ನು ಗುರುತು ದೃಢಪಟ್ಟಿಲ್ಲವೆಂದು ತಾವು ತಡೆಹಿಡಿದಿರಿ. ಮಗಳ ಹೆರಿಗೆಗೆ ಹೋಗಬೇಕಾಗಿದ್ದವಳು. ನನ್ನನ್ನು ಬೈಯಲಿಲ್ಲ. ಗೂಡಿನ ಮುಂದೆ ನಿಂತು ‘ಭಾವಾ, ಆ ಫೋನು ಇನ್ನು ಬಿಡಿ. ಅಕ್ಕ ಇದ್ದಿದ್ರೆ ನಿಮಗೆ ಸರಿಯಾಗಿ ಬೈತಿದ್ರು’ ಎಂದಳು. ಬೈಯುತ್ತಿದ್ದಳು.

ಗುರುವಾರ ‘ಇತರೆ’ಗೆ ಗುರುತು ಹಾಕಿದೆ. ಅರ್ಜಿ ಹೋದ ಕೂಡಲೇ ತಾವು ಅವಳ ಫೋನಿಗೇ ಬರೆದಿರಿ: ತಮ್ಮ ಗುರುತನ್ನು ಶಾಶ್ವತವಾಗಿ ಮುಚ್ಚಲು ಈ ಓಟಿಪಿಯ ಮೂಲಕ ಒಪ್ಪಿಗೆ ಸೂಚಿಸಿ, ಹತ್ತು ನಿಮಿಷ ಮಾತ್ರ. ಮಾನ್ಯರೇ, ಅವಳನ್ನು ಕರೆದೊಯ್ದವರು ಯಾರೋ, ಅವರು ಅವಳ ಒಪ್ಪಿಗೆ ಕೇಳಿರಲಿಲ್ಲ. ಕೇಳಿದವರು ತಾವೊಬ್ಬರೇ.

ಮೊದಲನೆಯ ಓಟಿಪಿಯನ್ನು ಹಾರಿಹೋಗಲು ಬಿಟ್ಟೆ. ಎರಡನೆಯದನ್ನೂ ಬಿಟ್ಟೆ. ಮೂರನೆಯದೇ ಕೊನೆಯದೆಂದು ತಾವು ಎಚ್ಚರಿಸಿದಿರಿ. ಕಚೇರಿಯ ಕಂಪ್ಯೂಟರಿನ ಮುಂದೆ ಆಯಾ ಕೂತಿದ್ದಳು. ಕೀಲಿಮಣೆಯ ಮೇಲೆ ಬೆರಳಿಟ್ಟು ಕಿಟಕಿಯಿಂದ ಗೂಡಿನ ಕಡೆ ನೋಡುತ್ತಿದ್ದಳು. ನಾನು ಗೂಡಿನಿಂದ ಹೊರಗೆ ಬಂದು ಆರೂ ಅಂಕಿಗಳನ್ನು ಬಿಡಿಬಿಡಿಯಾಗಿ, ಅಂಗಡಿಯವರಿಗೂ ಕೇಳುವಂತೆ ಕೂಗಿದೆ. ಬೇಗ ಒತ್ತು ಎಂದು ಮಾತ್ರ ಹೇಳಲಿಲ್ಲ.

ಕೊನೆಯದಾಗಿ ಎರಡು ಕೋರಿಕೆಗಳು. ಕಾರಣಗಳ ಪಟ್ಟಿಯಲ್ಲಿ ‘ಸಾವು’ ಎಂಬ ಎರಡಕ್ಷರಕ್ಕೆ ಜಾಗ ಮಾಡಿಕೊಡಬೇಕು. ಜನ ‘ಇತರೆ’ಯಿಂದ ಸಾಯುವುದಿಲ್ಲ. ಇನ್ನೊಂದು: ಸಾಧ್ಯವಾದರೆ ಮುಂದಿನ ಸೋಮವಾರ ಎಂಟು ಹತ್ತಕ್ಕೆ ಅವಳನ್ನು ಗೈರುಹಾಜರಿ ಎಂದು ಕೆಂಪಕ್ಷರದಲ್ಲಿ ನಮೂದಿಸಿ. ಅವಳು ಅದನ್ನು ಸಹಿಸುವವಳಲ್ಲ, ಜಗಳಕ್ಕಾದರೂ ಬಂದಾಳು.

ಬೀಗದ ಆಚೆಬದಿಯಿಂದ,
ತಮ್ಮ ವಿಶ್ವಾಸಿ,
ಹಾಗೂ ಈಗ ದೃಢಪಟ್ಟ ಗುರುತುಳ್ಳ,
ಗೇಟಿನ ಭಾವ

ಮರೆತ ಮಾತು: ಆಯಾಳ ರಜೆ ಮಂಜೂರಾಯಿತು, ಹೆಣ್ಣು ಮಗು. ಉಳಿದವರಿಗೆ ಈಗ ತಮ್ಮ ತಮ್ಮ ಫೋನಿಗೇ ಓಟಿಪಿ ಬರುತ್ತದೆ. ಆದರೂ ಎಂಟು ಹತ್ತಕ್ಕೆ ಸರಿಯಾಗಿ ಫೋನು ಹಿಡಿದು ನನ್ನ ಗೂಡಿಗೇ ಬರುತ್ತಾರೆ. ‘ಅಕ್ಷರ ಸಣ್ಣದು ಭಾವಾ, ಕಾಣ್ತಿಲ್ಲ, ನೀವೇ ಕೂಗಿ’ ಎನ್ನುವ ತೋಟದಜ್ಜ ಅದಕ್ಕೂ ಮುಂಚೆ ಅಲ್ಲೇ ಕಲ್ಲಿನ ಮೇಲೆ ಕೂತು ಕನ್ನಡಕವಿಲ್ಲದೆ ಇಡೀ ಪೇಪರು ಓದಿ ಮುಗಿಸಿರುತ್ತಾನೆ. ಇದು ತಮ್ಮ ಸುರಕ್ಷತಾ ನಿಯಮದ ಉಲ್ಲಂಘನೆಯೆಂದು ಬಲ್ಲೆ. ಕ್ರಮ ಕೈಗೊಳ್ಳುವುದಾದರೆ ದಯವಿಟ್ಟು ಎಲ್ಲರ ಮೇಲೂ ಒಟ್ಟಿಗೇ ಕೈಗೊಳ್ಳಿ. ಒಂದೇ ನಂಬರಿನಲ್ಲಿ ಇದ್ದು ಅಭ್ಯಾಸವಾದವರು.