ತೊಟ್ಟಿಲ್ಲದ್ದಕ್ಕೊಂದು ಪದ

ನಿರ್ವೃಂತ... ಅಲ್ಲ. ಅಪವೃಂತ? ಅದೂ ಅಲ್ಲ. ಈ ವಯಸ್ಸಿನಲ್ಲಿ ನನಗೆ ವಾರಕ್ಕೆರಡು ಸಲವಾದರೂ ಹೀಗಾಗುತ್ತದೆ. ವಸ್ತು ಎದುರಿಗೇ ಇರುತ್ತದೆ, ಅದರ ಹೆಸರು ಮಾತ್ರ ಎದ್ದು ಹೋಗಿರುತ್ತದೆ. ಈ ಸಲ ವಸ್ತು ಇದ್ದದ್ದು ನನ್ನ ಕರುಳಿನಲ್ಲಿ. ಅಲ್ಲೊಂದು ಗಂಟು ಇದೆ, ಅದು 'ಸೆಸೈಲ್' ಎಂದು ಆಸ್ಪತ್ರೆಯ ವರದಿ ಹೇಳಿತ್ತು. ಮಗಳು ಅದನ್ನು ಎರಡೆರಡು ಸಲ ಓದಿದಳು. ನಾನು ಅದರ ಕನ್ನಡ ಪದ ಹುಡುಕುತ್ತ ಕೂತೆ. ಸಂಜೆ ಕಾಫಿ ಲೋಟ ತೊಳೆಯುವಾಗ ಬಂತು: ಅವೃಂತ. ವೃಂತ ಎಂದರೆ ತೊಟ್ಟು. ತೊಟ್ಟಿಲ್ಲದೆ ಬುಡದಿಂದಲೇ ಅಂಟಿ ಕೂತದ್ದು ಅವೃಂತ. ಗಿಡದ ಎಲೆಗೂ ಸಲ್ಲುತ್ತದೆ, ಮೈಯೊಳಗಿನ ಗಂಟಿಗೂ.

ತಪಾಸಣೆಯ ದಿನ

ನಾನು ಬೀದರ್ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು, ಪೀಣ್ಯದ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದೆ. ಎಲೆಗಳ ಪಾಠದ ದಿನ ಕಾರ್ಖಾನೆ ಕಾಂಪೌಂಡಿನ ಪಕ್ಕದಿಂದ ಎಕ್ಕದ ಕೊಂಬೆ ಮುರಿದು ತರುತ್ತಿದ್ದೆ. ಅದರ ಎಲೆಗೆ ತೊಟ್ಟಿರುವುದಿಲ್ಲ.

ಒಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಹುಡುಗಿಯೊಬ್ಬಳನ್ನು ಎಬ್ಬಿಸಿ, "ಅವೃಂತಕ್ಕೆ ಎಕ್ಕ ಬಿಟ್ಟು ಬೇರೆ ಉದಾಹರಣೆ ಕೊಡಮ್ಮ" ಎಂದರು.

"ಹೆಡ್‌ಮಾಸ್ಟರ್ ತಲೆ ಸಾರ್. ಕುತ್ತಿಗೆ ಇಲ್ಲ, ಹೆಗಲ ಮೇಲೇ ಕೂತಿದೆ."

ಇನ್‌ಸ್ಪೆಕ್ಟರು ಪಕ್ಕದಲ್ಲಿದ್ದ ಹೆಡ್‌ಮಾಸ್ಟರರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ವರದಿಯಲ್ಲಿ, "ಮಕ್ಕಳಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ" ಎಂದು ಬರೆದರು.

ಓನರಮ್ಮನ ಸಂದೇಹ

ಗಂಟಿನ ಸುದ್ದಿ ತಿಳಿದು ಬಾಗಲಗುಂಟೆಯ ನಮ್ಮ ಮನೆ ಓನರಮ್ಮ ಎಳನೀರು ಹಿಡಿದು ಬಂದರು. ಈಗ ಅವರ ಬಾಡಿಗೆ ಮನೆಗಳಿರುವ ಜಾಗದಲ್ಲಿ ಮೊದಲು ಬದನೆ ಬೆಳೆಯುತ್ತಿದ್ದರು. ಗಂಟಿಗೆ ತೊಟ್ಟಿಲ್ಲವಂತೆ ಎಂದು ಹೇಳಿದೆ.

"ತೊಟ್ಟಿದ್ರೆ ಬದ್ನೆಕಾಯಿ ತರ ಇಡ್ಕೊಂಡು ಕುಯ್ಬೌದು. ತೊಟ್ಟೇ ಇಲ್ಲ ಅಂದ್ರೆ ಎಂಗ್ ಕೀಳ್ತಾರೆ ಟೀಚರಮ್ಮ? ಕೇಳಿದ್ರಾ?"

ಕೇಳಿರಲಿಲ್ಲ. ಆಮೇಲೆ ನನಗೆ ಊಟ ಸೇರಲಿಲ್ಲ. ಮರುದಿನ ಅವರನ್ನೇ ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಅದನ್ನೇ ಕೇಳಿದೆ.

"ಅದೇ ಕಷ್ಟ ಅಜ್ಜಿ" ಎಂದರು ಡಾಕ್ಟರು. "ಗಂಟಿನ ಕೆಳಗೆ ಸೂಜಿಯಿಂದ ಉಪ್ಪುನೀರು ಬಿಡ್ತೀವಿ. ಅದು ಮೇಲಕ್ಕೆ ಉಬ್ಬುತ್ತೆ, ಆಗ ಕತ್ತರಿಸ್ತೀವಿ. ಕೆಟ್ಟದ್ದೋ ಅಲ್ವೋ ಅನ್ನೋದು ಪರೀಕ್ಷೆ ಮಾಡಿದ ಮೇಲೇ ಗೊತ್ತಾಗೋದು."

ಓನರಮ್ಮನ ಮುಖ ಅರಳಿತು. "ಅಂಗೇಳಿ ಮತ್ತೆ. ನೆಲ ನೆನೆಸಿ ಕಳೆ ಕೀಳೋದು. ಅದಕ್ಕೆ ಇಷ್ಟೆಲ್ಲಾ ಓದ್ಬೇಕಿತ್ತಾ ಸಾರ್?"

ಮಂಪರಿನ ಪಾಠ

ಗಂಟು ತೆಗೆಯುವ ದಿನ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟರು. ಏನೂ ನೆನಪಿಲ್ಲ. ಎಚ್ಚರವಾದಾಗ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಡಾಕ್ಟರ್ 'ಸೆಸೈಲ್' ಅಂದಿದ್ದೇ ತಡ, 'ಕನ್ನಡದಲ್ಲಿ ಹೇಳು, ಮೂರು ಉದಾಹರಣೆ ಕೊಡು, ಅಲ್ಲೀವರೆಗೂ ಕೂರಬೇಡ' ಅಂದ್ರಿ ಅಜ್ಜಿ."

ನನಗೆ ನಾಚಿಕೆಯಾಯಿತು. "ಅವರು ಏನಂದ್ರು?"

"ಏನೂ ಅನ್ಲಿಲ್ಲ. ಮುಗಿಯೋವರೆಗೂ ನಿಂತೇ ಇದ್ರು, ಪಾಪ."

ಪರೀಕ್ಷೆಯ ಫಲಿತಾಂಶಕ್ಕೆ ಎಂಟು ದಿನ ಕಾದೆವು. ಒಂಬತ್ತನೆಯ ದಿನ ಮೊಮ್ಮಗಳು ಮೊಬೈಲ್ ಹಿಡಿದು ಓದಿದಳು. ಮೊದಲು ತನ್ನಷ್ಟಕ್ಕೆ, ಆಮೇಲೆ ನಮಗೆ: "ಕ್ಯಾನ್ಸರ್ ಅಲ್ಲ ಅಜ್ಜಿ. ಪೂರ್ತಿ ತೆಗೆದಿದ್ದಾರೆ. ಮುಂದಿನ ವರ್ಷ ಇನ್ನೊಂದು ಸಲ ನೋಡ್ಬೇಕಂತೆ."

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು, ಅತ್ತದ್ದು ಕೇಳಬಾರದೆಂದು. ನಾನು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಆಸ್ಪತ್ರೆಯ ಫೈಲು ಕೊಟ್ಟೆ.

"ಪುಟ್ಟೀ, ಇದರ ಮೇಲೆ ದಪ್ಪಗೆ 'ಅವೃಂತ' ಅಂತ ಬರಿ. ಮುಂದಿನ ವರ್ಷ ನಾನು ಮರೆತಿರಬಹುದು, ಡಾಕ್ಟರ್‌ಗೆ ಪರೀಕ್ಷೆ ಬಾಕಿ ಇದೆ."